ಎರಡು ಸಲ ಬರೆದ ಹೆಸರು

ಕಳೆದ ವಾರ ನಾನು ನನ್ನ ತಾಯಿಯನ್ನು ಪೆನ್ಸಿಲಿನಿಂದ ಹೊಡೆದು ಹಾಕಿದೆ.

ಗಾಬರಿ ಬೇಡ. ಆಕೆ ತೀರಿಹೋಗಿ ಇಪ್ಪತ್ತೈದು ವರ್ಷದ ಮೇಲಾಯಿತು. ನಾನು ಹೊಡೆದು ಹಾಕಿದ್ದು ಕಾಗದದ ಮೇಲಿದ್ದ ಹೆಸರನ್ನು. ಅದೂ ಒಳ್ಳೆಯ ಉದ್ದೇಶದಿಂದ. (ಬಿ.ಎ. ಆದವರು ಮಾಡುವ ಅನಾಹುತಗಳೆಲ್ಲ ಒಳ್ಳೆಯ ಉದ್ದೇಶದವೇ.)

ಅಪ್ಪ ಹೋದ ವರ್ಷ ತೀರಿಕೊಂಡರು. ಹಾಗಾಗಿ ಈ ಸಲದ ಪಕ್ಷ, ಅಂದರೆ ಸತ್ತ ಹಿರಿಯರ ಹೆಸರು ಹೇಳಿ ನೀರು ಬಿಡುವ ಆ ಹದಿನೈದು ದಿನ, ನಾನೇ ಮುಂದೆ ನಿಂತು ಮಾಡಬೇಕಾದ ಮೊದಲನೆಯ ಪಕ್ಷ. ಇಲ್ಲಿಯವರೆಗೆ ಮನೆಯ ಸತ್ತವರನ್ನೆಲ್ಲ ಅಪ್ಪನೇ ನೋಡಿಕೊಂಡಿದ್ದರು. ಅವ್ವನ ಶ್ರಾದ್ಧಕ್ಕೆ ದರ್ಭೆ ಹಿಡಿದು ಕೂಡುವವನು ನಾನಾದರೂ, ಭಟ್ಟರು ಹೆಸರು ಕೇಳಿದಾಗ ಹಿಂದಿನಿಂದ ಹೇಳುವವರು ಅವರು. ಪರೀಕ್ಷೆಯಲ್ಲಿ ಪಕ್ಕದವನ ಮಾತು ಕೇಳಿಸಿಕೊಂಡು ಬರೆಯುವ ಹುಡುಗನ ಹಾಗೆ ನಾನು ಅದನ್ನೇ ಹೇಳುತ್ತಿದ್ದೆ.

ಈಗ ಹಿಂದೆ ಯಾರೂ ಇಲ್ಲ. ಹೆಸರುಗಳನ್ನು ಎಲ್ಲಿಂದ ತರುವುದು?

ಅಪ್ಪನ ಪೆಟ್ಟಿಗೆಯಲ್ಲಿ, ಹಳೆಯ ಪಂಚಾಂಗದೊಳಗೆ, ಮಡಚಿಟ್ಟ ಕಾಗದವೊಂದು ಸಿಕ್ಕಿತು. ಮೋಡಿ ಅಕ್ಷರ. ಕುಲಕರ್ಣಿಕೆ ಮಾಡಿದ ಕೈ, ಒಂದಕ್ಷರ ಇನ್ನೊಂದಕ್ಷರದ ಕೈ ಬಿಡುವುದಿಲ್ಲ. ಅದು ನೀರು ಬಿಡಬೇಕಾದವರ ಯಾದಿ. ಅಜ್ಜ, ಮುತ್ತಜ್ಜ, ಅಜ್ಜಿ, ಮುತ್ತಜ್ಜಿ. ಅವರ ಕೆಳಗೆ ರುಕ್ಮಿಣಿ. ಅದರ ಕೆಳಗೆ ಮತ್ತೆ ರುಕ್ಮಿಣಿ, ಮಗ್ಗುಲಲ್ಲಿ ಸಣ್ಣದಾಗಿ 'ದ್ವಿ' ಎಂದು ಗುರುತು.

ನಮ್ಮ ಅವ್ವನ ಹೆಸರು ರುಕ್ಮಿಣಿಬಾಯಿ. ಇಷ್ಟು ನನಗೆ ಗೊತ್ತು. ಎರಡು ಸಲ ಯಾಕೆ? ವಯಸ್ಸಾದ ಕೈ, ಮರೆತು ಮತ್ತೊಮ್ಮೆ ಬರೆದಿರಬೇಕು. 'ದ್ವಿ' ಎಂದರೆ ದ್ವಿರುಕ್ತಿ. ತಪ್ಪು ತಮಗೇ ಗೊತ್ತಾಗಿ ಗುರುತು ಹಾಕಿದ್ದಾರೆ, ಅಳಿಸುವುದು ಬಿಟ್ಟಿದ್ದಾರೆ. ಪುಣೆಯ ಕಾಲೇಜಿನಲ್ಲಿ ಲಾಜಿಕ್ ಓದಿದವನಿಗೆ ಇಷ್ಟು ಹೊಳೆಯದೆ ಇರುತ್ತದೆಯೇ? ಪೆನ್ಸಿಲು ತೆಗೆದುಕೊಂಡು ಕೆಳಗಿನ ರುಕ್ಮಿಣಿಯ ಮೇಲೆ ನೆಟ್ಟಗೆ ಒಂದು ಗೆರೆ ಎಳೆದೆ. ಪ್ರೂಫು ತಿದ್ದಿದಷ್ಟು ಸಮಾಧಾನವಾಯಿತು.

ಕಾಗದ ಜೇಬಿನಲ್ಲಿಟ್ಟುಕೊಂಡು ಮನೋಳಿಗೆ ಹೊರಟೆ.

ಮನೋಳಿಯೇ ಯಾಕೆ? ಮಲಪ್ರಭೆ ಅಲ್ಲಿ ಒಂದಿಷ್ಟು ದೂರ ಉತ್ತರಕ್ಕೆ ಹರಿಯುತ್ತಾಳೆ, ಅಲ್ಲಿ ಮಿಂದು ನೀರು ಬಿಟ್ಟರೆ ಕಾಶಿಗೆ ಹೋದ ಹಾಗೆ ಎಂದು ನಮ್ಮ ಕಡೆಯ ಜನ ನಂಬುತ್ತಾರೆ. ಕಾಶಿಯ ಪುಣ್ಯದ ಬಗ್ಗೆ ನನ್ನ ಅಭಿಪ್ರಾಯ ಏನೇ ಇರಲಿ (ದಿನಕ್ಕೊಂದು ಇರುತ್ತದೆ), ಅದು ಅವ್ವನ ತವರೂರು. ಬಾಣಂತನಕ್ಕೆ ಅಲ್ಲಿಗೆ ಹೋದವಳು ಅಲ್ಲೇ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಆಗ ನನಗೆ ನಾಲ್ಕು ವರ್ಷ.

ಬೈಲಹೊಂಗಲದಿಂದ ಮನೋಳಿಗೆ ಚಕ್ಕಡಿಯಲ್ಲಿ ಒಂದೂವರೆ ದಿನದ ದಾರಿ. ಮುರಗೋಡದ ಮಠದ ಹತ್ತಿರ ಎತ್ತಿಗೆ ನೀರು ಕುಡಿಸುವಾಗ ಚಕ್ಕಡಿಯ ಯಲ್ಲಪ್ಪ ಕೇಳಿದ: "ಮಾಸ್ತರ, ತೀರ್ಥಕ್ಕ ಹೊಂಟೀರಿ, ಒಬ್ಬರ ಹೊಂಟೀರಲ್ಲ? ಮನ್ಯಾಗ ಯಾರೂ ಇಲ್ಲೇನ್ರಿ?"

"ಮನೆಯವರು ತವರಿಗೆ ಹೋಗ್ಯಾರ" ಎಂದೆ.

"ಮತ್ತ ಅಣ್ಣ ತಮ್ಮ, ಕಾಕಾ ಮಾಮಾ?"

"ಯಾರೂ ಇಲ್ಲ."

ಅವನು ಎತ್ತಿನ ಬೆನ್ನು ಚಪ್ಪರಿಸಿದ. "ಇವಕ್ಕರ ಜೋಡಿ ಐತಿ ನೋಡ್ರಿ" ಎಂದ. ಅವನಿಗೆ ನನ್ನನ್ನು ನೋಯಿಸುವ ಉದ್ದೇಶ ಇರಲಿಲ್ಲ. ನೋವಾಗಲಿಲ್ಲ ಎಂದು ಬರೆದರೆ ಮಾತ್ರ ಸುಳ್ಳು.

ಮನೋಳಿಯ ಹೊಳೆ ಕಂಡಾಗ ಮರುದಿನದ ಹೊತ್ತು ಏರುತ್ತಿತ್ತು. ಭಾದ್ರಪದದ ನೀರು, ಕೆಂಪಗೆ ತುಂಬಿ ಹರಿಯುತ್ತಿತ್ತು. ಗುಡಿಯ ಮುಂದಿನ ಮೆಟ್ಟಿಲ ಮೇಲೆ ಕುಟುಂಬ ಕುಟುಂಬವೇ ಕೂತಿದ್ದವು. ಒಬ್ಬ ಎಳ್ಳು ಕೊಡುವವನು, ಒಬ್ಬ ಒಣಗಿದ ಧೋತರ ಹಿಡಿದು ನಿಂತವನು, ಹಿಂದೆ ಅನ್ನ ಬಸಿಯುವ ಹೆಂಗಸರು. ನನ್ನ ಒಣ ಧೋತರವನ್ನು ನಾನು ಒಂದು ಕಲ್ಲಿಗೆ ಒಪ್ಪಿಸಿದೆ. ಗಾಳಿಗೆ ಹಾರದಿರಲಿ ಎಂದು ಅದರ ಮೇಲೆ ಇನ್ನೊಂದು ಕಲ್ಲು ಇಟ್ಟೆ.

ಇಲ್ಲಿ ಓದುಗರಿಗೆ ಒಂದು ಹಳೆಯ ಮಾತು ನೆನಪು ಮಾಡಿಕೊಡಬೇಕು. ಹೋದ ವರ್ಷ ಇದೇ ಅಂಕಣದಲ್ಲಿ, ಅವ್ವನ ಬಗ್ಗೆ ನನಗಿರುವ ಒಂದೇ ಒಂದು ನೆನಪನ್ನು ಬರೆದಿದ್ದೆ. ಇದೇ ಹೊಳೆ. ಮುಚ್ಚಂಜೆ. ಮೆಟ್ಟಿಲ ಮೇಲಿನಿಂದ ಯಾರೋ, ಬಹುಶಃ ಅಜ್ಜಿ, "ಚಿಮಣೀ, ಚಿಮಣೀ" ಎಂದು ಕೂಗುತ್ತಿದ್ದಾರೆ. ಅವ್ವ ಕೈಯಲ್ಲಿ ತಗಡಿನ ಚಿಮಣಿ ದೀಪ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಳೆ. ಹಳದಿ ಬೆಳಕು ಅವಳ ಹಸಿರು ಬಳೆಗಳ ಮೇಲೆ. ಎಣ್ಣೆಯ ವಾಸನೆ. ಮುಖ ಮಾತ್ರ ಕತ್ತಲೆಯಲ್ಲಿ.

ಪುಣೆಯಲ್ಲಿದ್ದಾಗ ಡೈರಿಯಲ್ಲಿ ಇದನ್ನು ಮೊದಲು ಬರೆದೆ. ಆಮೇಲೆ ಎಷ್ಟೋ ಸಲ ಬರೆದೆ. ಇಲ್ಲಿ ಅಚ್ಚಾದಾಗ ಕಿತ್ತೂರಿನ ಓದುಗರೊಬ್ಬರು, ಓದಿ ಕಣ್ಣೀರು ಬಂತು ಎಂದು ಪತ್ರ ಬರೆದಿದ್ದರು. ಆ ಪತ್ರವನ್ನು ನಾನು ಇಟ್ಟುಕೊಂಡಿದ್ದೇನೆ. ಅವರು ಇದನ್ನೂ ಓದುತ್ತಾರೆಂದು ನಂಬಿದ್ದೇನೆ.

ಕ್ಷೇತ್ರದ ಪುರೋಹಿತರು ಗುಂಡಭಟ್ಟರು. ಎಪ್ಪತ್ತರ ಹತ್ತಿರದವರು, ಬಾಯಿ ತುಂಬ ಎಲೆ ಅಡಿಕೆ. ಕಾಗದ ಕೊಟ್ಟೆ. ಅವರು ಅದನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಈ ಗೀಟು ಯಾರು ಹೊಡದ್ರಿ?"

"ನಾನೇ. ಅಪ್ಪ ಒಂದೇ ಹೆಸರನ್ನ ಎರಡು ಸಲ ಬರೆದಿದ್ದರು."

"ಎರಡು ಸಲ ಬರೀದ ಏನು ಮಾಡ್ತಾರ? ಇಬ್ಬರು ಇದ್ರಲ್ಲ."

"ಯಾರು ಇಬ್ಬರು?"

ಭಟ್ಟರು ಬಾಯಲ್ಲಿದ್ದದ್ದನ್ನು ಉಗುಳಿ ಬಂದರು. ಆಮೇಲೆ ನಿಧಾನವಾಗಿ ಹೇಳಿದರು. "ನಿಮ್ಮ ತಂದಿಯವರಿಗೆ ಎರಡು ಲಗ್ನ. ಮೊದಲನೇ ಹೆಂಡತಿ ಮಕ್ಕಳಿಲ್ಲದ ಹೋದ್ಲು. ಆಮ್ಯಾಲೆ ನಮ್ಮೂರ ಹುಡುಗಿನ್ನ ತಂದ್ರು. ಆ ಲಗ್ನದಾಗ ಅಕ್ಷತಿ ಹಾಕಿದಾವ ನಾನು. ನಿಮ್ಮ ತಂದಿಯವರ ತಾಯಿ ಅಂದ್ರಂತ, ಮನಿಗೆ ರೂಢಿ ಆದ ಹೆಸರು, ಕರೀಲಿಕ್ಕೆ ಸುಲಭ, ಈಕಿಗೂ ರುಕ್ಮಿಣಿ ಅಂತನ ಇಡ್ರಿ ಅಂತ. 'ದ್ವಿ' ಅಂದ್ರ ದ್ವಿತೀಯ. ಎರಡನೇ ಹೆಂಡತಿ. ನೀವು ಗೀಟು ಹೊಡದದ್ದು ನಿಮ್ಮ ಹಡದಾಕಿಗೆ."

ಓದುಗ ಮಹಾಶಯರೇ, ಹೇಳಿ. ಇಪ್ಪತ್ತೊಂಬತ್ತು ವರ್ಷದ ಮನುಷ್ಯ, ಊರಿನ ಮಕ್ಕಳಿಗೆ ಇಂಗ್ಲೆಂಡಿನ ರಾಜರ ಹೆಂಡಂದಿರ ಹೆಸರನ್ನು ಅನುಕ್ರಮವಾಗಿ ಬಾಯಿಪಾಠ ಮಾಡಿಸುವವನು, ತನ್ನ ತಂದೆಗೆ ಇಬ್ಬರು ಹೆಂಡಂದಿರು ಎಂಬುದನ್ನು ಹೊಳೆಯ ಮೆಟ್ಟಿಲ ಮೇಲೆ ತಿಳಿದುಕೊಂಡರೆ ಮುಖ ಎಲ್ಲಿಟ್ಟುಕೊಳ್ಳಬೇಕು?

ನಮ್ಮ ಮನೆಗಳ ಪದ್ಧತಿ ನಿಮಗೆ ಗೊತ್ತು. ಲಗ್ನದ ದಿನ ಹರಿವಾಣದಲ್ಲಿ ಅಕ್ಕಿ ಹರವುತ್ತಾರೆ. ಗಂಡು ತನ್ನ ಉಂಗುರದಿಂದ ಅಕ್ಕಿಯಲ್ಲಿ ಹೆಂಡತಿಯ ಹೊಸ ಹೆಸರು ಬರೆಯುತ್ತಾನೆ. ಎಲ್ಲರೂ ನಗುತ್ತಾರೆ, ಸಕ್ಕರೆ ಹಂಚುತ್ತಾರೆ. ಅಲ್ಲಿಗೆ ಹಳೆಯ ಹುಡುಗಿ ಮುಗಿದಳು. ಆ ಅಕ್ಕಿಯನ್ನು ಆಮೇಲೆ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಅಟ್ಟು ಉಣ್ಣುತ್ತಾರೆ ಎಂದು ಕಾಣುತ್ತದೆ.

ಅಪ್ಪ ಅದೇ ಹೆಸರನ್ನು ಎರಡು ಸಲ ಬರೆದಿದ್ದರು. ಒಮ್ಮೆ ಅಕ್ಕಿಯಲ್ಲಿ ಒಬ್ಬಳಿಗೆ, ಮತ್ತೊಮ್ಮೆ ಅಕ್ಕಿಯಲ್ಲಿ ಇನ್ನೊಬ್ಬಳಿಗೆ. ಅವರಿಗೆ ಕೈ ತಡೆಯಲಿಲ್ಲವೇ? ಅವ್ವನಿಗೆ ಗೊತ್ತಿತ್ತೇ, ತನ್ನನ್ನು ಕರೆದಾಗಲೆಲ್ಲ ಸತ್ತವಳೊಬ್ಬಳೂ ಓಗೊಡುತ್ತಾಳೆ ಎಂದು? ಕೇಳಲು ಯಾರೂ ಉಳಿದಿಲ್ಲ. ಅಪ್ಪನನ್ನು ಕೇಳಬಹುದಿತ್ತು, ಇಪ್ಪತ್ತೈದು ವರ್ಷ. ಕೇಳಲಿಲ್ಲ. ಅವರು ಹೇಳಲಿಲ್ಲ ಎಂದು ಈಗ ಬರೆಯುವುದು ಸುಲಭ.

"ಹೋಗ್ಲಿ ಬಿಡ್ರಿ" ಎಂದರು ಭಟ್ಟರು. "ಮಂತ್ರದೊಳಗ ಇಬ್ಬರಿಗೂ ಬ್ಯಾರೆ ಬ್ಯಾರೆ ಜಾಗಾ ಅದ. ಹಡದಾಕಿಗೆ ಒಂದು, ಸವತಿ ತಾಯಿಗೆ ಒಂದು. ನೀರು ದಾರಿ ತಪ್ಪೂದಿಲ್ಲ. ಕೂಡ್ರಿ."

ನನಗೆ ಕೂಡಲಾಗಲಿಲ್ಲ. "ಅವ್ವನ ತವರ ಹೆಸರು ಏನಿತ್ತು?" ಎಂದು ಕೇಳಿದೆ.

"ಅದನ್ನ ತಗೊಂಡು ಏನು ಮಾಡ್ತೀರಿ? ಗೋತ್ರ ಗಂಡಂದು, ಹೆಸರು ಗಂಡ ಇಟ್ಟದ್ದು. ಮಂತ್ರಕ್ಕ ಅದು ನಡೀತದ."

"ಮಂತ್ರಕ್ಕಲ್ಲ. ನನಗೆ ಬೇಕು. ಇಷ್ಟು ವರ್ಷ ಬೇರೆಯವರ ಹೆಸರು ಹಿಡಿದು ನೀರು ಬಿಟ್ಟಿದ್ದೇನೆ. ಇವತ್ತೊಂದು ದಿನ ಅವಳ ಹೆಸರಿನಿಂದ ಬಿಡಬೇಕು."

ಭಟ್ಟರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಅಷ್ಟೆಲ್ಲಾ ಕಲ್ತೀರಿ, ಹಡದಾಕಿ ಹೆಸರು ಇನ್ನೊಬ್ಬರನ್ನ ಕೇಳ್ಲಿಕ್ಕೆ ಹತ್ತೀರಲ್ರಿ ಮಾಸ್ತರ" ಎಂದರು. ಆಮೇಲೆ ಪಾಪ ಎನಿಸಿರಬೇಕು. "ಹೊತ್ತು ನೆತ್ತಿ ದಾಟೂದರೊಳಗ ಮುಗಿಸಬೇಕು, ಲಕ್ಷ್ಯ ಇರ್ಲಿ. ಅಗೋ, ಕೊಡಾ ತೊಗೊಂಡು ಇಳೀಲಿಕ್ಕೆ ಹತ್ಯಾಳಲ್ಲ, ಗಂಗವ್ವ, ನಿಮ್ಮ ಅಜ್ಜನ ಮನಿ ಎದುರಿಗಿನಾಕಿ. ನನಗ ಲಗ್ನದ ಹೆಸರು ಅಷ್ಟ ನೆನಪದ. ಆಕಿನ್ನ ಕೇಳ್ರಿ."

ಗಂಗವ್ವ ಒಕ್ಕಲುತನದ ಮನೆಯ ಮುದುಕಿ. ಹಣೆಯ ತುಂಬ ವಿಭೂತಿ, ಅದರ ನಡುವೆ ಕುಂಕುಮ. ಟೊಂಕದ ಮೇಲೆ ತಾಮ್ರದ ಕೊಡ. ನಾನು ಅಡ್ಡ ನಿಂತೆ.

"ಯಾರಪಾ ನೀ? ದಾರಿ ಬಿಡು, ಹೊತ್ತ ಆತು."

ಅಜ್ಜನ ಮನೆತನದ ಹೆಸರು ಹೇಳಿದೆ. ಅವರ ಮೊಮ್ಮಗ ಎಂದೆ.

"ಸುಳ್ಳ ಹೇಳಬ್ಯಾಡ. ಆ ಮನ್ಯಾಗ ಯಾರ ಉಳದಾರ? ಪ್ಲೇಗಿನ್ಯಾಗ ಎಲ್ಲಾರೂ ಹ್ವಾದ್ರು. ಮನಿ ಈಗ ಹತ್ತಿ ತುಂಬೂ ವಖಾರ ಆಗೇತಿ."

"ಮಗನ ಮಗ ಅಲ್ಲಮ್ಮ. ಮಗಳ ಮಗ. ಬೈಲಹೊಂಗಲಕ್ಕೆ ಕೊಟ್ಟಿದ್ದರಲ್ಲ..."

ಗಂಗವ್ವ ಕೊಡ ಕೆಳಗಿಟ್ಟಳು. ಹತ್ತಿರ ಬಂದು ನನ್ನ ಗದ್ದ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು, ಸಂತೆಯಲ್ಲಿ ಬದನೆಕಾಯಿ ತಿರುಗಿಸಿ ನೋಡುವ ಹಾಗೆ.

"ಚಿಮಣೀ ಮಗಾ ಏನ ನೀ?"

"ಯಾವ ಚಿಮಣಿ?" ಎಂದೆ.

"ಕೇಳೂದ ನೋಡು! ಯಾವ ಚಿಮಣಿ ಅಂತ. ನಿನ್ನ ಹಡದಾಕಿಪಾ! ನಿಮ್ಮಜ್ಜಿ ಮಿರಜ ಕಡೀಯಾಕಿ, ಗುಬ್ಬಿಗೆ ಚಿಮಣಿ ಅಂತಿದ್ಲು. ಇಕಿನೂ ಗುಬ್ಬಿಯಂಥಾಕಿನ. ಇಷ್ಟ ಇದ್ಲು. ಒಂದ ಕಡೆ ಕುಂದರತಿದ್ದಿಲ್ಲ. ಓಣಿಗೆ ಓಣಿ ಚಿಮಣಿ ಅಂತನ ಕರೀತಿತ್ತು. ಇದ ಹೊಳಿಗೆ ಇಬ್ಬರೂ ನೀರಿಗೆ ಬರತಿದ್ವಿ. ತಾಸಗಟ್ಟಲೆ ಮನಿಗೆ ಹೋಗತಿದ್ದಿಲ್ಲ. ನಿಮ್ಮಜ್ಜಿ ಅಲ್ಲೆ ಮ್ಯಾಲ ನಿಂತು 'ಚಿಮಣೀ, ಏ ಚಿಮಣೀ' ಅಂತ ಗಂಟಲ ಹರಕೋತಿದ್ಲು."

ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಕೂತಲ್ಲಿಂದಲೇ ಕೇಳಿದೆ. "ದೀಪ? ಸಂಜೆ ಅವಳ ಕೈಯಲ್ಲಿ ಒಂದು ದೀಪ ಇರುತ್ತಿತ್ತಲ್ಲ? ತಗಡಿಂದು?"

"ಎಲ್ಲೀ ದೀಪಪಾ? ಚಿಮಣಿ ಎಣ್ಣಿ ನಮ್ಮೂರಿಗೆ ಬಂದದ್ದ ಮೊನ್ನಿ ಮೊನ್ನಿ. ಆವಾಗ ಪಣತಿ. ಪಣತಿ ಹೊಳೀ ಗಾಳಿಗೆ ನಿಂದರತೈತೇನ? ಒಂದ ಕಂಕುಳಾಗ ಕೊಡಾ, ಒಂದ ಕಂಕುಳಾಗ ನೀನು. ದೀಪ ಯಾವ ಕೈಲೆ ಹಿಡೀಬೇಕ ಆಕಿ?"



ಕಿತ್ತೂರಿನ ಓದುಗರೇ, ಕ್ಷಮಿಸಿ. ದೀಪ ಇರಲಿಲ್ಲ. ನಾಲ್ಕು ವರ್ಷದ ಹುಡುಗನ ಕಿವಿಯಲ್ಲಿ ಒಂದು ಶಬ್ದ ಉಳಿದಿತ್ತು. ಅದು ಹೆಸರೆಂದು ಅವನಿಗೆ ಯಾರೂ ಹೇಳಲಿಲ್ಲ. ಬೆಳೆದ ಮೇಲೆ ಅವನಿಗೆ ಗೊತ್ತಿದ್ದ ಚಿಮಣಿ ಎಂದರೆ ಸಂತೆಯಲ್ಲಿ ಸಿಗುವ ತಗಡಿನದು. ಆ ಶಬ್ದಕ್ಕೆ ಅವನ ಮನಸ್ಸು ಒಂದು ದೀಪ ಮಾಡಿತು, ದೀಪಕ್ಕೆ ಬೆಳಕು ಮಾಡಿತು, ಬೆಳಕಿಗೆ ಬಳೆ ತೊಡಿಸಿತು, ಎಣ್ಣೆಯ ವಾಸನೆಯನ್ನೂ ಸೇರಿಸಿತು. ಬಿ.ಎ. ಆದ ಮೇಲೆ ಅದಕ್ಕೆ ಒಳ್ಳೆಯ ಭಾಷೆಯೂ ಸಿಕ್ಕಿತು. ಮುಖ ಕತ್ತಲೆಯಲ್ಲಿ ಯಾಕಿತ್ತು ಎಂದು ಈಗ ತಿಳಿಯುತ್ತದೆ. ಮುಖ ಮಾಡುವುದು ಅವನಿಗೆ ಸಾಧ್ಯವಾಗಲಿಲ್ಲ, ಅಷ್ಟೇ.

ಹಾಗಾದರೆ ಆ ಬಳೆಗಳಾದರೂ ನಿಜವೇ? ಮುಚ್ಚಂಜೆ ನಿಜವೇ? ಗಂಗವ್ವನ ನೆನಪನ್ನೇ ಯಾಕೆ ನಂಬಬೇಕು? ನಾನು ಕೂಸಾಗಿದ್ದಾಗ ಇದೇ ಮೆಟ್ಟಿಲಿನಿಂದ ಜಾರಿ ನೀರಿಗೆ ಬಿದ್ದಿದ್ದೆ, ತಾನೇ ಕೂದಲು ಹಿಡಿದು ಎಳೆದು ತೆಗೆದೆ ಎಂದು ಆಕೆ ಹೇಳಿದಳು. ನನಗೆ ಅದರ ಲವಲೇಶ ನೆನಪಿಲ್ಲ. ಸಾಯುವಷ್ಟು ದೊಡ್ಡ ಘಟನೆಯನ್ನು ಮರೆತು, ಇಲ್ಲದ ದೀಪವನ್ನು ಇಟ್ಟುಕೊಂಡವನು ನಾನು. ಡೈರಿ ಬರೆಯುವವರು ಸತ್ಯವಂತರು ಎಂದು ಯಾರು ಹೇಳಿದರು?

ಒಂದು ಮಾತ್ರ ನಂಬಿದೆ. ಆ ಹೆಸರನ್ನು. ಗಂಗವ್ವ ಬಾಯಿಬಿಡುವ ಮೊದಲೇ ಅದು ನನ್ನ ಕಿವಿಯಲ್ಲಿತ್ತು.

"ದೊಡ್ಡ ಹೆಸರು ಏನಿತ್ತು? ತೊಟ್ಟಿಲಲ್ಲಿ ಇಟ್ಟದ್ದು?" ಎಂದು ಕೇಳಿದೆ.

"ಇತ್ತಪಾ ಏನೋ. ಯಾರ ಕರೀತಿದ್ರು ಅದನ್ನ?"

ಭಟ್ಟರ ಹತ್ತಿರ ಓಡಿದೆ. ಹೆಸರು ಸಿಕ್ಕಿತು ಎಂದೆ. ಹೇಳಿದೆ. ಅವರು ಹೊಟ್ಟೆ ಅಲುಗುವ ಹಾಗೆ ನಕ್ಕರು.

"ಚಿಮಣಿ! ಇದನ್ನ ನಾ ಸಂಸ್ಕೃತದಾಗ ಹೆಂಗ ಹೇಳ್ಲಿ? ಪಿತೃಲೋಕಕ್ಕ ದೀಪ ಹಚ್ಚಾವರ ಹಂಗ? ಆಗೂದಿಲ್ಲ ಮಾಸ್ತರ. ಕೂಡ್ರಿ. ಹೊತ್ತಾತು."

ಕೂತೆ. ಎಳ್ಳು, ದರ್ಭೆ, ನೀರು. ಅಪ್ಪ, ಅಜ್ಜ, ಮುತ್ತಜ್ಜ. ಅಜ್ಜ ಮುತ್ತಜ್ಜರ ಹೆಂಡಂದಿರು, ಅವರೂ ಯಾರದೋ ಅಕ್ಕಿಯಲ್ಲಿ ಬರೆದ ಹೆಸರುಗಳೇ. ಆಮೇಲೆ ರುಕ್ಮಿಣಿ, ನನ್ನನ್ನು ಹಡೆದವಳು. ಆಮೇಲೆ ರುಕ್ಮಿಣಿ, ನಾನು ಕಾಣದವಳು. (ಹಾಗೆ ನೋಡಿದರೆ ನಾನು ಇಬ್ಬರನ್ನೂ ಕಾಣದವನೇ.) ಆ ಮೊದಲನೆಯವಳಿಗೂ ತವರಲ್ಲಿ ಒಂದು ಹೆಸರು ಇದ್ದಿರಬೇಕು. ಅವಳಿಗಾಗಿ ಕೇಳಿಕೊಂಡು ಬರುವವರು ಯಾರು? ಮೂರು ಬೊಗಸೆಯ ಜಾಗದಲ್ಲಿ ಅವಳಿಗೆ ನಾಲ್ಕು ಬಿಟ್ಟೆ. ಭಟ್ಟರು ನೋಡಿಯೂ ನೋಡದವರ ಹಾಗೆ ಇದ್ದರು.

ಎಲ್ಲ ಮುಗಿದ ಮೇಲೆ ಅವರು ಎಲೆ ಅಡಿಕೆಯ ಚೀಲ ಬಿಚ್ಚುತ್ತ ಹೇಳಿದರು: "ನಂದು ಮುಗೀತು. ಇನ್ನ ಮ್ಯಾಲೆ ಹೊಳ್ಯಾಗ ನಿಂತು ಯಾರು ಏನು ಒದರಿದ್ರೂ ನನಗ ಕೇಳಿಸೂದಿಲ್ಲ. ಕಿವಿ ಸ್ವಲ್ಪ ಮಂದ ಅದ."

ಅವರ ಕಿವಿ ಮಂದ ಇರಲಿಲ್ಲ.

ಸೊಂಟದ ಮಟ್ಟದ ನೀರಿಗೆ ಇಳಿದೆ. ಬೊಗಸೆ ತುಂಬಿಕೊಂಡೆ. ಬಾಯಿ ತೆರೆದೆ. ಬರಲಿಲ್ಲ.

ನಾಚಿಕೆಯಲ್ಲ. ಸುತ್ತ ಜನ ಇದ್ದರೆಂದೂ ಅಲ್ಲ. ಮಗ ತಾಯಿಯನ್ನು ಹೆಸರು ಹಿಡಿದು ಕರೆಯುವುದು ಹೇಗೆ? ನಮ್ಮಲ್ಲಿ ಯಾರು ಕರೆದಿದ್ದೇವೆ? ಚಿಮಣಿ ಎನ್ನುವುದು ಅಜ್ಜಿಯ ಬಾಯಲ್ಲಿ ಇದ್ದ ಮಾತು, ಓಣಿಯ ಗೆಳತಿಯರ ಬಾಯಲ್ಲಿ ಇದ್ದ ಮಾತು. ನಾನು ಅದನ್ನು ಕದ್ದು ತಂದ ಹಾಗಿತ್ತು. ಇಷ್ಟೆಲ್ಲ ಹಟ ಮಾಡಿ ಹುಡುಕಿದ ಹೆಸರು ನನ್ನ ಪಾಲಿನದೇ ಅಲ್ಲ. ನನ್ನದು ಅವ್ವ ಎಂಬ ಒಂದೇ ಶಬ್ದ. ಅದನ್ನು ಇಲ್ಲಿ ನಿಂತವರೆಲ್ಲ ತಮ್ಮ ತಮ್ಮ ತಾಯಂದಿರಿಗೆ ಹೇಳುತ್ತಿದ್ದಾರೆ. ಬೆರಳ ಸಂದಿಯಿಂದ ನೀರು ಸೋರಿ ಬೊಗಸೆ ಖಾಲಿಯಾಯಿತು. ಮತ್ತೆ ತುಂಬಿಕೊಂಡೆ. ಮತ್ತೆ ಸೋರಿತು.

ಗಂಗವ್ವ ಇನ್ನೂ ಹೋಗಿರಲಿಲ್ಲ. ತುಂಬಿದ ಕೊಡವನ್ನು ಮೆಟ್ಟಿಲ ಮೇಲಿಟ್ಟು ನೋಡುತ್ತಿದ್ದಳು.

"ಯಾಕೋ, ಬಾಯಾಗ ಏನ ಇಟಗೊಂಡೀ?"

"ನನ್ನಿಂದ ಆಗವಲ್ಲದು" ಎಂದೆ.

ಅವಳು ಸೆರಗು ಸೊಂಟಕ್ಕೆ ಸಿಗಿಸಿದಳು. ಎರಡು ಮೆಟ್ಟಿಲು ಇಳಿದು, ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಎದುರು ಮನೆಯವಳನ್ನು ಹೊರಗೆ ಕರೆಯುವ ದನಿಯಲ್ಲಿ ಹೊಳೆಯ ಕಡೆ ಕೂಗಿದಳು.

"ಚಿಮಣೀ! ಏ ಚಿಮಣೀ! ಎಲ್ಲಿ ಹೋಗಿ ಕುಂತೀಯ? ನಿನ್ನ ಮಗಾ ಬಂದಾನ ನೋಡ!"

ಮೆಟ್ಟಿಲ ಮೇಲಿನ ಜನ ತಿರುಗಿ ನೋಡಿದರು. ಯಾರೋ ನಕ್ಕರು. ಹೊಳೆ ತನ್ನ ಪಾಡಿಗೆ ಹರಿಯಿತು. ಯಾವ ಪವಾಡವೂ ನಡೆಯಲಿಲ್ಲ. ಈ ಅಂಕಣವನ್ನು ನಂಬಿ ಓದುವವರಿಗೆ ನಾನು ಪವಾಡ ಮಾರುವುದಿಲ್ಲ. ನನ್ನ ಕೈಯಲ್ಲಿ ಆ ಹೊತ್ತಿಗೆ ನೀರಿತ್ತು. ಬಿಟ್ಟೆ.

ಮುತ್ತೈದೆಯಾಗಿ ತೀರಿದ ತಾಯಿಯ ಸಲುವಾಗಿ ಮುತ್ತೈದೆಯೊಬ್ಬಳಿಗೆ ಕುಬಸದ ಖಣ ಕೊಡಬೇಕು. ಯಾರಿಗೆ ಕೊಡಬೇಕೋ ತಿಳಿಯದೆ ಒಂದನ್ನು ಕಟ್ಟಿಕೊಂಡು ಬಂದಿದ್ದೆ. ಗಂಗವ್ವನ ಮುಂದೆ ಹಿಡಿದೆ. ನಮ್ಮ ಜಾತಿಯವಳಲ್ಲ ಎಂದು ಭಟ್ಟರ ಹುಬ್ಬು ಮೇಲೇರಿತು. ಏರಲಿ.

ಅವಳು ಖಣವನ್ನು ಬಿಸಿಲಿಗೆ ಹಿಡಿದು ನೋಡಿದಳು. "ಬಣ್ಣ ಚಲೋ ಐತಿ. ನಮ್ಮ ಮುದುಕ ಇನ್ನೂ ಗಟ್ಟಿ ಅದಾನಂತ ನಿನಗ ಯಾರ ಹೇಳಿದ್ರು?" ಎಂದಳು.

"ಕುಂಕುಮ ನೋಡಿದೆ."

"ಶಾಣ್ಯಾ ಅದೀ. ಹಡದಾಕಿ ಹೆಸರೊಂದ ಗೊತ್ತಿದ್ದಿಲ್ಲ."

ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಬಾ, ಉಂಡು ಹೋಗು ಎನ್ನುವ ಹಾಗಿರಲಿಲ್ಲ. ಅವಳ ಮನೆಯಲ್ಲಿ ನಾನು ಉಣ್ಣುವುದಿಲ್ಲ ಎಂದು ಅವಳಿಗೆ ಗೊತ್ತು. ಕರೆದಿದ್ದರೆ ಉಣ್ಣುತ್ತಿದ್ದೆನೇ? ಉಣ್ಣುತ್ತಿದ್ದೆ ಎಂದು ಈಗ ಅನಿಸುತ್ತದೆ. ಈಗ 'ಅನಿಸುವ' ಮಾತುಗಳಿಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ.

ಗುಡಿಯ ಪೌಳಿಯಲ್ಲಿ ಅಕ್ಕಿ ಬೇಯಿಸಿಕೊಂಡು ಒಬ್ಬನೇ ಉಂಡೆ. ಮಗ್ಗುಲಿಗೆ ಒಂದು ಕುಟುಂಬ ಹದಿನೆಂಟು ಜನ ಸಾಲಾಗಿ ಕೂತು ಉಣ್ಣುತ್ತಿತ್ತು. ಅವರಲ್ಲಿ ಯಾರೋ ಯಾರನ್ನೋ ಹೆಸರು ಹಿಡಿದು ಕರೆದು, ತುಪ್ಪ ತಾ ಎಂದರು. ಎಷ್ಟು ಸಾದಾ ಮಾತು. ನನ್ನನ್ನು ಹೆಸರು ಹಿಡಿದು ಕರೆಯುವವರು ಈಗ ಯಾರಿದ್ದಾರೆ ಎಂದು ಲೆಕ್ಕ ಹಾಕಿದೆ. ಅಪ್ಪ ಹೋದ ಮೇಲೆ ಯಾರೂ ಇಲ್ಲ. ಎಲ್ಲರಿಗೂ ನಾನು ಮಾಸ್ತರ.

ಬೈಲಹೊಂಗಲಕ್ಕೆ ಮರಳಿ ಬೀಗ ತೆಗೆದೆ. ನಮ್ಮ ಮನೆಯಾಕೆ ಮೊದಲ ಬಾಣಂತನಕ್ಕೆಂದು ರಾಮದುರ್ಗದ ತವರಿಗೆ ಹೋಗಿ ಎರಡು ತಿಂಗಳಾಯಿತು. ಆಕೆಗೆ ಇದನ್ನೆಲ್ಲ ಬರೆಯಬೇಕೆನಿಸಿತು. ಕಾರ್ಡು ತೆಗೆದು ಕೂತೆ. 'ಚಿ. ಸೌ. ಸರಸ್ವತಿಗೆ ಆಶೀರ್ವಾದ' ಎಂದು ಬರೆದು ಲೆಕ್ಕಣಿಕೆ ನಿಂತಿತು.

ಸರಸ್ವತಿ. ಅದು ನಾನು ಬರೆದದ್ದು. ಐದು ವರ್ಷದ ಹಿಂದೆ, ಅಕ್ಕಿಯಲ್ಲಿ, ಅಪ್ಪ ಹೇಳಿದಂತೆ. ಅದಕ್ಕೆ ಮೊದಲು ಆಕೆ ಯಾರಾಗಿದ್ದಳು?

ಜಾತಕದಲ್ಲಿ ಇತ್ತು. ಲಗ್ನಪತ್ರಿಕೆಯಲ್ಲಿ ಇತ್ತು. ಓದಿದ್ದೇನೆ. 'ಗ'ದಿಂದ ಶುರುವಾಗುತ್ತಿತ್ತೇ? ಗೋದಾವರಿಯೇ? ಗಿರಿಜೆಯೇ? ಗೋದಾವರಿ ಎಂದು ಅಂದುಕೊಂಡ ಕೂಡಲೇ ಅದೇ ನಿಜ ಅನಿಸಿತು. ಮಂಟಪದಲ್ಲಿ ಯಾರೋ ಆ ಹೆಸರಿನಿಂದ ಕೂಗಿದ್ದು ಕೂಡ ಕೇಳಿಸಿತು. ಹೀಗೆ ತಾನೆ ನಾನು ದೀಪ ಮಾಡಿದ್ದು? ಬೇಡ ಎಂದು ತಲೆ ಕೊಡವಿದೆ. ಮನೆಯಲ್ಲಿ ಆಕೆಯನ್ನು ನಾನು ಯಾವ ಹೆಸರಿನಿಂದಲೂ ಕರೆದವನಲ್ಲ. "ಕೇಳಿಸ್ತೇನು?" ಎಂದರೆ ಬರುತ್ತಾಳೆ. ನೀವೂ ಹಾಗೆಯೇ ಕರೆಯುತ್ತೀರಿ, ಸುಮ್ಮನೆ ನಗಬೇಡಿ.

ಆಕೆ ಈಗ ಇರುವುದು ತಾಯಿಯ ಮನೆಯಲ್ಲಿ. ಈ ಹೊತ್ತಿನಲ್ಲೂ ಅಲ್ಲಿ ಯಾರೋ ಆಕೆಯನ್ನು ಬೇರೊಂದು ಹೆಸರಿನಿಂದ ಊಟಕ್ಕೆ ಕರೆಯುತ್ತಿರಬಹುದು. ಹುಟ್ಟುವ ಕೂಸು ಒಂದು ದಿನ ಬಂದು ನನ್ನನ್ನು ಕೇಳಿದರೆ? ಅದಕ್ಕೊಬ್ಬ ಗಂಗವ್ವ ಸಿಗುತ್ತಾಳೆಂದು ಏನು ಭರವಸೆ?

ಆ ಕಾರ್ಡು ಹರಿದೆ. ಬೇರೆ ಕಾರ್ಡು ತೆಗೆದು ಮಾವನವರಿಗೇ ಬರೆದೆ. ಸಂಕೋಚವಾದರೂ ನೇರವಾಗಿ ಬರೆದೆ. 'ನಮ್ಮ ಮನೆಗೆ ಬರುವ ಮೊದಲು ತಮ್ಮ ಮಗಳ ಹೆಸರು ಏನಿತ್ತು, ಮನೆಯಲ್ಲಿ ಪ್ರೀತಿಯಿಂದ ಏನೆಂದು ಕರೆಯುತ್ತಿದ್ದಿರಿ, ದಯವಿಟ್ಟು ತಿಳಿಸಬೇಕು. ಆ ಹೆಸರಿನಿಂದಲೇ ಕರೆಯಬೇಕೆಂದು ಮನಸ್ಸಾಗಿದೆ.'

ಮರುಟಪಾಲಿಗೆ ಉತ್ತರ ಬಂತು. ಹೆಸರು ಎಲ್ಲಿಯೂ ಇಲ್ಲ. ಇದ್ದದ್ದು ಇಷ್ಟೇ: 'ಇಟ್ಟ ಹೆಸರು ತೆಗೆದು ತವರಲ್ಲೇ ಬಿಡುವಂಥ ತಪ್ಪು ಚಿ. ಸೌ. ಸರಸ್ವತಿಯಿಂದ ಏನಾಯಿತು? ಇದೊಂದು ಸಲ ಹೊಟ್ಟೆಯಲ್ಲಿ ಹಾಕಿಕೊಳ್ಳಬೇಕು.'